ವ್ಯಾನು ಅವರದು, ದಾರಿ ಕಂಪನಿಯದು

2022ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಪಾರ್ಸೆಲ್ ಹಂಚುವ ಗುತ್ತಿಗೆದಾರರ ಸಮಾವೇಶವೊಂದು ನಡೆಯಿತು. ವೇದಿಕೆಯಲ್ಲಿದ್ದವರು ಸ್ಪೆನ್ಸರ್ ಪ್ಯಾಟನ್. ಟೆನೆಸಿ ರಾಜ್ಯದವರು, ಫೆಡ್‌ಎಕ್ಸ್ ಗ್ರೌಂಡ್ ಕಂಪನಿಗಾಗಿ ಹತ್ತು ರಾಜ್ಯಗಳಲ್ಲಿ 225 ರೂಟ್‌ಗಳನ್ನು ನಡೆಸುತ್ತಿದ್ದವರು. ಡೀಸೆಲ್ ಏರಿದೆ, ಡ್ರೈವರುಗಳ ಸಂಬಳ ಏರಿದೆ, ವ್ಯಾನಿನ ಬೆಲೆ ಏರಿದೆ. ಕಂಪನಿ ಕೊಡುವ ದರ ಮಾತ್ರ ನಿಂತಲ್ಲೇ ನಿಂತಿದೆ ಎಂಬುದು ಅವರ ದೂರು. ದರ ಪರಿಷ್ಕರಿಸದಿದ್ದರೆ ನವೆಂಬರ್ 25ಕ್ಕೆ ತಮ್ಮ ವ್ಯವಹಾರ ನಿಲ್ಲಿಸುವುದಾಗಿ ಅವರು ಗಡುವು ಕೊಟ್ಟರು. ಆ ದಿನ ಬ್ಲ್ಯಾಕ್ ಫ್ರೈಡೇ, ಅಮೆರಿಕದಲ್ಲಿ ಖರೀದಿಯ ಜಾತ್ರೆ ಶುರುವಾಗುವ ಶುಕ್ರವಾರ. ಆಗಸ್ಟ್ ಮುಗಿಯುವ ಮೊದಲೇ ಫೆಡ್‌ಎಕ್ಸ್ ಅವರ ಮೇಲೆ ದಾವೆ ಹೂಡಿತು, ಗುತ್ತಿಗೆಯನ್ನೂ ರದ್ದು ಮಾಡಿತು. 225 ರೂಟ್‌ಗಳ ಒಡೆಯ ಒಂದೇ ವಾರದಲ್ಲಿ ರೂಟೇ ಇಲ್ಲದವರಾದರು.

ಇಲ್ಲಿ ತಿರುಗಿಬಿದ್ದವರು ಕೂಲಿಯವರಲ್ಲ, ಮಾಲೀಕರು. ಸಾಲ ತೆಗೆದು ವ್ಯಾನು ಕೊಂಡವರು, ಜನರನ್ನು ಕೆಲಸಕ್ಕಿಟ್ಟವರು, ಅವರಿಗೆ ಸಂಬಳ ಎಣಿಸಿ ಕೊಡುವವರು. ಆದರೆ ಅವರ ಅಹವಾಲನ್ನು ಓದಿದರೆ ಯಾವುದೋ ಕಾರ್ಮಿಕ ಸಂಘದ ಬೇಡಿಕೆ ಪಟ್ಟಿಯಂತೆಯೇ ಇದೆ: ದರ ಸಾಲದು, ಭಾನುವಾರದ ದುಡಿಮೆ ಬೇಡ, ಇಂಧನದ ಹೊರೆಯಲ್ಲಿ ಪಾಲು ತೆಗೆದುಕೊಳ್ಳಿ. ಪಾರ್ಸೆಲ್ ಹಂಚುವವನು ನೌಕರನೋ ಮಾಲೀಕನೋ ಎಂದು ಕೋರ್ಟುಗಳು ದಶಕಗಳಿಂದ ತಲೆ ಕೆಡಿಸಿಕೊಂಡಿವೆ. ಅದಕ್ಕೆ ಉತ್ತರ ಸಿಕ್ಕರೂ ಜಗಳ ತೀರುವುದಿಲ್ಲ ಎಂಬುದೇ ಈ ಉಪನ್ಯಾಸದ ವಾದ. ದರ ಬರೆಯುವ ಕೈ ಯಾವುದು, ನಷ್ಟ ಬಂದಾಗ ಖಾಲಿಯಾಗುವ ಜೇಬು ಯಾರದು ಎಂಬುದೇ ಕೇಳಬೇಕಾದ ಪ್ರಶ್ನೆ. ಅದಕ್ಕೆ ಫೆಡ್‌ಎಕ್ಸ್ ಗ್ರೌಂಡ್‌ನ ಕಥೆಯಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಕಥೆ ಶುರುವಾಗುವುದು 1985ರಲ್ಲಿ, ಪಿಟ್ಸ್‌ಬರ್ಗ್ ಬಳಿ. ರೋಡ್‌ವೇ ಪ್ಯಾಕೇಜ್ ಸಿಸ್ಟಮ್, ಚಿಕ್ಕದಾಗಿ ಆರ್‌ಪಿಎಸ್, ಎಂಬ ಕಂಪನಿ ಹುಟ್ಟಿತು. ಎದುರಿಗಿದ್ದದ್ದು ಯುಪಿಎಸ್ ಎಂಬ ದೈತ್ಯ. ಯುಪಿಎಸ್‌ನ ಡ್ರೈವರುಗಳು ಕಂಪನಿಯ ನೌಕರರು, ಟೀಮ್‌ಸ್ಟರ್ಸ್ ಎಂಬ ಬಲಿಷ್ಠ ಸಂಘದ ಸದಸ್ಯರು. ಅವರ ಬಲ ಎಷ್ಟೆಂದರೆ 1997ರಲ್ಲಿ 1,85,000 ಮಂದಿ 15 ದಿನ ಮುಷ್ಕರ ಕೂತಾಗ ದೇಶದ ಪಾರ್ಸೆಲ್ ವ್ಯವಹಾರವೇ ಅಸ್ತವ್ಯಸ್ತವಾಯಿತು. ಆರ್‌ಪಿಎಸ್ ಬೇರೆಯದೇ ದಾರಿ ಹಿಡಿಯಿತು. ಅಲ್ಲಿ ಡ್ರೈವರ್ ನೌಕರನಲ್ಲ, ತನ್ನ ವ್ಯಾನು ತಾನೇ ಕೊಂಡು ಬಂದ ಸ್ವತಂತ್ರ ಗುತ್ತಿಗೆದಾರ. ಓವರ್‌ಟೈಮ್ ಇಲ್ಲ, ಪಿಂಚಣಿ ಇಲ್ಲ, ಸಂಘದ ತಲೆನೋವೂ ಇಲ್ಲ. 1998ರಲ್ಲಿ ಫೆಡ್‌ಎಕ್ಸ್ ಈ ಕಂಪನಿಯ ಮಾತೃಸಂಸ್ಥೆಯನ್ನೇ ಕೊಂಡಿತು. 2000ದಲ್ಲಿ ಆರ್‌ಪಿಎಸ್ ಫೆಡ್‌ಎಕ್ಸ್ ಗ್ರೌಂಡ್ ಆಯಿತು, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಹೋಮ್ ಡೆಲಿವರಿ ವಿಭಾಗವೂ ತೆರೆಯಿತು.

ಆ ಗುತ್ತಿಗೆ ಪತ್ರದಲ್ಲಿ ಏನಿತ್ತು ಎಂಬುದು ಮುಂದೆ ಕೋರ್ಟಿನ ಕಡತಗಳಲ್ಲಿ ಸಾಲುಸಾಲಾಗಿ ದಾಖಲಾಯಿತು. ವ್ಯಾನು ಡ್ರೈವರನದೇ, ಆದರೆ ಬಿಳಿ ಬಣ್ಣದ ಯಾವ ಛಾಯೆ ಬಳಿಯಬೇಕು ಎಂದು ಕಂಪನಿ ಹೇಳುತ್ತದೆ. ಒಳಗಿನ ಕಪಾಟು ಎಷ್ಟು ಅಗಲ, ಯಾವ ವಸ್ತುವಿನದು ಎಂಬುದನ್ನೂ ಹೇಳುತ್ತದೆ. ಮೈಮೇಲೆ ಕಂಪನಿಯ ಯೂನಿಫಾರ್ಮ್ ಇರಬೇಕು; ಕಾಲುಚೀಲಕ್ಕೂ ನಿಯಮ ಉಂಟು. ಗಡ್ಡ ಬೋಳಿಸಿರಬೇಕು, ಕೂದಲು ಒಪ್ಪವಾಗಿರಬೇಕು, ಮೈ ನಾರಬಾರದು. ಯಾವ ಪಾರ್ಸೆಲ್ಲನ್ನು ಯಾವ ದಿನ ಮುಟ್ಟಿಸಬೇಕು ಎಂಬುದು ಕಂಪನಿಯ ತೀರ್ಮಾನ. ದಿನದ ಹೊರೆಯನ್ನು ಒಂಬತ್ತೂವರೆಯಿಂದ ಹನ್ನೊಂದು ಗಂಟೆ ದುಡಿಯಲೇಬೇಕಾಗುವಂತೆ ಜೋಡಿಸಲಾಗುತ್ತಿತ್ತು. ವರ್ಷಕ್ಕೆ ನಾಲ್ಕು ಬಾರಿಯವರೆಗೆ ಮ್ಯಾನೇಜರ್ ವ್ಯಾನು ಹತ್ತಿ ಪಕ್ಕದಲ್ಲೇ ಕೂತು ಕೆಲಸ ಪರೀಕ್ಷಿಸಬಹುದಿತ್ತು.

ಖರ್ಚು ಮಾತ್ರ ಡ್ರೈವರನದು. ಇಂಧನ, ಟೈರು, ರಿಪೇರಿ, ವಿಮೆ ಎಲ್ಲವೂ. ಸ್ಕ್ಯಾನರ್, ಯೂನಿಫಾರ್ಮ್ ಮುಂತಾದ ಸಾಮಗ್ರಿಗೆ ವಾರವಾರ ಬರುವ ಹಣದಲ್ಲೇ ಕಡಿತ. ವ್ಯಾನಿನ ಸಾಲದ ಕಂತು ಬೇರೆ. ಒಂದು ವಾರ ಜ್ವರ ಬಂದು ಮಲಗಿದರೆ ಕಂತು ಕಾಯುವುದಿಲ್ಲ. ಬದಲಿ ಡ್ರೈವರನನ್ನು ಹುಡುಕಿ ಅವನಿಗೆ ಕೈಯಿಂದ ಕೊಡಬೇಕು.

ಇಷ್ಟು ಬಿಗಿ ಹಿಡಿತವಿರುವಾಗ ಇವನನ್ನು ಸ್ವತಂತ್ರ ವ್ಯಾಪಾರಿ ಎನ್ನುವುದು ಹೇಗೆ ಎಂದು ಡ್ರೈವರುಗಳು ರಾಜ್ಯರಾಜ್ಯಗಳಲ್ಲಿ ಕೋರ್ಟು ಹತ್ತಿದರು. ಹತ್ತಾರು ದಾವೆಗಳನ್ನು ಒಟ್ಟುಗೂಡಿಸಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಒಬ್ಬರೇ ನ್ಯಾಯಾಧೀಶರ ಮುಂದಿಡಲಾಯಿತು. ಮುಂದಿನದು ನಿಜಕ್ಕೂ ಸ್ವಾರಸ್ಯದ ಭಾಗ. ಅದೇ ಕಂಪನಿ, ಹೆಚ್ಚೂಕಡಿಮೆ ಅದೇ ಗುತ್ತಿಗೆ ಪತ್ರ, ಅದೇ ಬಿಳಿ ವ್ಯಾನು. ತೀರ್ಪುಗಳು ಮಾತ್ರ ಊರಿಗೊಂದು.

ಮ್ಯಾಸಚೂಸೆಟ್ಸ್‌ನ ವಿಲ್ಮಿಂಗ್ಟನ್ ಎಂಬಲ್ಲಿ ಡ್ರೈವರುಗಳು ಟೀಮ್‌ಸ್ಟರ್ಸ್ ಸಂಘವನ್ನು ಮತ ಹಾಕಿ ಆರಿಸಿಕೊಂಡಿದ್ದರು. ಕಂಪನಿ ಸಂಘದೊಂದಿಗೆ ಮಾತುಕತೆಗೆ ಕೂರಲೊಪ್ಪಲಿಲ್ಲ. 2009ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ನಿಂತಿತು. ಡ್ರೈವರ್ ಬೇಕಿದ್ದರೆ ಇನ್ನೊಂದು ರೂಟ್ ಕೊಳ್ಳಬಹುದು, ಸಹಾಯಕನನ್ನು ಇಟ್ಟುಕೊಳ್ಳಬಹುದು, ತನ್ನ ರೂಟನ್ನು ಮಾರಲೂಬಹುದು. ವ್ಯಾಪಾರಿಯಾಗಿ ಬೆಳೆಯುವ ಅವಕಾಶ ಇದೆ, ಆದ್ದರಿಂದ ಅವನು ಸ್ವತಂತ್ರ ಎಂಬುದು ತರ್ಕ. ಆ ಅವಕಾಶವನ್ನು ನಿಜವಾಗಿ ಬಳಸಿಕೊಂಡವರು ಬೆರಳೆಣಿಕೆಯವರು ಎಂಬುದು ಬಹುಮತಕ್ಕೆ ಅಷ್ಟು ಮುಖ್ಯವೆನಿಸಲಿಲ್ಲ. ಭಿನ್ನಮತ ಬರೆದವರು ಮೆರಿಕ್ ಗಾರ್ಲೆಂಡ್, ಮುಂದೆ ಅಮೆರಿಕದ ಅಟಾರ್ನಿ ಜನರಲ್ ಆದವರು. 2010ರಲ್ಲಿ ಸೌತ್ ಬೆಂಡ್‌ನ ಕೋರ್ಟೂ ಹೆಚ್ಚಿನ ರಾಜ್ಯಗಳ ಮಟ್ಟಿಗೆ ಕಂಪನಿಯ ಕೈ ಹಿಡಿಯಿತು.

ಗಾಳಿ ತಿರುಗಿದ್ದು 2014ರಲ್ಲಿ. ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಕ್ಯಾಲಿಫೋರ್ನಿಯಾದ ಸುಮಾರು 2,300 ಡ್ರೈವರುಗಳು ಕಾನೂನಿನ ಪ್ರಕಾರ ನೌಕರರೇ ಎಂದು ಹೇಳಿತು. ಬಣ್ಣ, ಬಟ್ಟೆ, ಕಪಾಟು, ಗಂಟೆ ಎಲ್ಲವೂ ಆ ತೀರ್ಪಿನಲ್ಲಿವೆ. ಸಹಮತ ಬರೆದ ನ್ಯಾಯಮೂರ್ತಿ ಟ್ರಾಟ್ ಅಬ್ರಹಾಂ ಲಿಂಕನ್ ಹೆಸರಿನಲ್ಲಿ ಓಡಾಡುವ ಒಂದು ಮಾತನ್ನು ನೆನಪಿಸಿದರು: ನಾಯಿಯ ಬಾಲವನ್ನು ಕಾಲು ಎಂದು ಕರೆದರೆ ನಾಯಿಗೆ ಎಷ್ಟು ಕಾಲು? ನಾಲ್ಕೇ, ಕರೆದ ಮಾತ್ರಕ್ಕೆ ಬಾಲ ಕಾಲಾಗುವುದಿಲ್ಲ. ಅದೇ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ರಾಜ್ಯದ ಸುಪ್ರೀಂ ಕೋರ್ಟ್ 479 ಡ್ರೈವರುಗಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದಕ್ಕಿಂತ ಹೆಚ್ಚು ರೂಟ್ ಇರುವ ಡ್ರೈವರನಿಗೆ ಉತ್ತರ ಬದಲಾಗುತ್ತದೆಯೇ ಎಂದು ಕೇಳಿದ್ದಕ್ಕೆ ಅದು ಕೊಟ್ಟ ಉತ್ತರ, ಇಲ್ಲ.

ಮುಂದಿನದು ಲೆಕ್ಕಪತ್ರ. 2015ರಲ್ಲಿ ಕ್ಯಾಲಿಫೋರ್ನಿಯಾದ ಡ್ರೈವರುಗಳೊಂದಿಗೆ 22.8 ಕೋಟಿ ಡಾಲರಿಗೆ ರಾಜಿ. 2016ರಲ್ಲಿ ಇನ್ನು 20 ರಾಜ್ಯಗಳ ಸುಮಾರು 12,000 ಡ್ರೈವರುಗಳೊಂದಿಗೆ 24 ಕೋಟಿ ಡಾಲರಿಗೆ ರಾಜಿ. ಆದರೆ 2017ರಲ್ಲಿ ವಾಷಿಂಗ್ಟನ್‌ನ ಅದೇ ಮೇಲ್ಮನವಿ ನ್ಯಾಯಾಲಯ, ಈ ಸಲ ಕನೆಟಿಕಟ್‌ನ ಹಾರ್ಟ್‌ಫರ್ಡ್ ಡ್ರೈವರುಗಳ ವಿಷಯದಲ್ಲಿ, ತನ್ನ ಹಳೆಯ ಮಾತಿಗೇ ಅಂಟಿಕೊಂಡಿತು. ಸಂಘ ಕಟ್ಟುವ ಕಾನೂನಿನಡಿ ಮಾಲೀಕ, ಕೂಲಿ ಪಾವತಿಯ ಕಾನೂನಿನಡಿ ನೌಕರ: ಒಬ್ಬನೇ ಮನುಷ್ಯ ಎರಡೂ ಆಗಿರಲು ಅಮೆರಿಕದಲ್ಲಿ ಅಡ್ಡಿಯಿರಲಿಲ್ಲ.

ಅಷ್ಟರಲ್ಲಿ ಕಂಪನಿ ಸುಮ್ಮನೆ ಕೂತಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯವೊಂದು ಸಿದ್ಧವಾಗಿತ್ತು. ಒಬ್ಬ ಡ್ರೈವರನಿಗೆ ಒಂದು ವ್ಯಾನು, ಒಂದು ರೂಟ್ ಎಂಬ ಪದ್ಧತಿಯನ್ನು ಹಂತಹಂತವಾಗಿ ಕೈಬಿಟ್ಟು, ನೋಂದಾಯಿತ ಕಂಪನಿ ಕಟ್ಟಿಕೊಂಡು ಹಲವು ರೂಟ್ ನಡೆಸಬಲ್ಲವರಿಗೆ ಮಾತ್ರ ಗುತ್ತಿಗೆ ಕೊಡತೊಡಗಿತು. ಡ್ರೈವರುಗಳು ಈ ಸಣ್ಣ ಕಂಪನಿಗಳ ನೌಕರರಾಗಿರಬೇಕು. ಅವರ ಸಂಬಳ, ತೆರಿಗೆ, ವಿಮೆ ಆ ಗುತ್ತಿಗೆದಾರನ ತಲೆಯ ಮೇಲೆ. 2020ರ ಹೊತ್ತಿಗೆ ದೇಶದಾದ್ಯಂತ ಇದೇ ವ್ಯವಸ್ಥೆ. ಡ್ರೈವರ್ ನೌಕರನೇ ಎಂದು ಕೋರ್ಟು ಹೇಳಿತಲ್ಲ, ಸರಿ, ನೌಕರನೇ. ಆದರೆ ಫೆಡ್‌ಎಕ್ಸ್‌ನ ನೌಕರನಲ್ಲ. ವಕೀಲಿಕೆಯ ದೃಷ್ಟಿಯಿಂದ ಇದನ್ನು ಮೆಚ್ಚಲೇಬೇಕು.

ನಡುವೆ ಒಬ್ಬನನ್ನು ನಿಲ್ಲಿಸಿ ಹೊಣೆ ಜಾರಿಸಿಕೊಳ್ಳುವ ಈ ಜಾಣತನ ಕರಾವಳಿ ಕರ್ನಾಟಕಕ್ಕೆ ಹೊಸದಲ್ಲ. ಬೀಡಿ ಕಂಪನಿ ಎಲೆ ಮತ್ತು ಹೊಗೆಸೊಪ್ಪನ್ನು ಗುತ್ತಿಗೆದಾರನ ಕೈಗೆ ಕೊಡುತ್ತಿತ್ತು, ಅವನು ಮನೆಮನೆಯ ಹೆಂಗಸರಿಂದ ಬೀಡಿ ಕಟ್ಟಿಸಿ ತಂದೊಪ್ಪಿಸುತ್ತಿದ್ದ. ಮಜೂರಿ ಕಡಿಮೆಯಾದರೆ, ಬೀಡಿ ಸರಿಯಿಲ್ಲವೆಂದು ತಳ್ಳಿಹಾಕಿದರೆ ಕಟ್ಟುವವಳು ಕೇಳಬೇಕಾದದ್ದು ಯಾರನ್ನು? ಕಂಪನಿ ಗುತ್ತಿಗೆದಾರನ ಕಡೆ ಬೆರಳು ತೋರಿಸುತ್ತದೆ, ಗುತ್ತಿಗೆದಾರ ಕಂಪನಿಯ ಕಡೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಈ ಆಟಕ್ಕೆ ಅಡ್ಡ ನಿಂತಿತು: ನಡುವೆ ಯಾರೇ ಇರಲಿ, ಮುಖ್ಯ ಮಾಲೀಕ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಇದರ ವಿರುದ್ಧ ತಯಾರಕರು ಸುಪ್ರೀಂ ಕೋರ್ಟಿಗೆ ಹೋದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಲ್ಲೇ ಪ್ರಸಿದ್ಧವಾದ 1974ರ ಆ ಮೊಕದ್ದಮೆಯಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನಾಲ್ಕು ವರ್ಷದ ನಂತರ, ಕೇರಳದ ಹಗ್ಗದ ಕಾರ್ಖಾನೆಯೊಂದರ ಹುಸೇನ್‌ಭಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನೇ ಇನ್ನಷ್ಟು ಹರಿತವಾಗಿ ಹೇಳಿದರು: ದುಡಿಯುವವನ ಜೀವನೋಪಾಯದ ಮೇಲೆ ಆರ್ಥಿಕ ಹಿಡಿತ ಯಾರದೋ ಅವರೇ ನಿಜವಾದ ಮಾಲೀಕರು, ನಡುವಿನ ಗುತ್ತಿಗೆದಾರರ ಪರದೆಯನ್ನು ಕೋರ್ಟು ಸರಿಸಿ ನೋಡಬೇಕು. ಕ್ಯಾಲಿಫೋರ್ನಿಯಾದ ಕೋರ್ಟು ವ್ಯಾನಿನ ಬಣ್ಣ, ಮೈಯ ಬಟ್ಟೆ ಎಂದು ಎಣಿಸುತ್ತ ಕೂತದ್ದಕ್ಕಿಂತ ಈ ಅಳತೆಗೋಲು ನೇರವಾಗಿದೆ.

ಈಗ ಮತ್ತೆ 2022. ಪ್ಯಾಟನ್ ದನಿ ಎತ್ತಿದ ಹೊತ್ತಿಗೆ ಫೆಡ್‌ಎಕ್ಸ್ ಗ್ರೌಂಡ್‌ಗೆ ಸುಮಾರು 6,000 ಗುತ್ತಿಗೆದಾರರಿದ್ದರು. ಕೋವಿಡ್ ಕಾಲದಲ್ಲಿ ಪಾರ್ಸೆಲ್ಲುಗಳು ಉಕ್ಕಿ ಬಂದಾಗ ಸಾಲ ತೆಗೆದು ವ್ಯಾನು ಕೊಂಡವರು, ದೊಡ್ಡ ಮೊತ್ತ ಸುರಿದು ರೂಟ್ ಖರೀದಿಸಿದವರು ಇವರಲ್ಲಿ ಬಹಳ. ರೂಟ್ ಎಂದರೆ ನಿವೇಶನವಲ್ಲ. ಕಂಪನಿಯ ಗುತ್ತಿಗೆ ಇರುವವರೆಗೆ ಮಾತ್ರ ಅದಕ್ಕೆ ಬೆಲೆ. ಆ ಬೇಸಿಗೆಯಲ್ಲಿ ಅಮೆರಿಕದ ಡೀಸೆಲ್ ಗ್ಯಾಲನ್ನಿಗೆ ಐದು ಡಾಲರ್ ದಾಟಿತು. ಗ್ರಾಹಕರಿಂದ ಫೆಡ್‌ಎಕ್ಸ್ ಇಂಧನ ಸರ್‌ಚಾರ್ಜ್ ವಸೂಲು ಮಾಡುತ್ತಿತ್ತು, ಅದರ ನ್ಯಾಯವಾದ ಪಾಲು ವ್ಯಾನು ಓಡಿಸುವವರಿಗೆ ತಲುಪುತ್ತಿಲ್ಲ ಎಂಬುದು ಗುತ್ತಿಗೆದಾರರ ಸಿಟ್ಟು. ಅಮೆಜಾನ್‌ನೊಂದಿಗಿನ ಪೈಪೋಟಿಯಲ್ಲಿ 2020ರ ಜನವರಿಯಿಂದ ವರ್ಷಪೂರ್ತಿ ಭಾನುವಾರವೂ ಹಂಚಿಕೆ ಶುರುವಾಗಿತ್ತು. ಭಾನುವಾರ ಪಾರ್ಸೆಲ್ ಕಡಿಮೆ, ಓಡಾಡುವ ಮೈಲಿ ಅಷ್ಟೇ. ಲೆಕ್ಕ ಬಲ್ಲವರಿಗೆ ಅಲ್ಲಿ ನಷ್ಟ ಕಾಣಲು ಕಾಗದ ಪೆನ್ನು ಬೇಕಾಗಿರಲಿಲ್ಲ.

ಪ್ಯಾಟನ್ ಅವರನ್ನು ಹುತಾತ್ಮರ ಪೀಠದ ಮೇಲೆ ಕೂರಿಸಬೇಕಾಗಿಲ್ಲ. ರೂಟ್‌ಗಳ ಕೊಳ್ಳುವಿಕೆ, ಮಾರಾಟಕ್ಕೆ ಸಲಹೆ ಕೊಡುವ ಸಂಸ್ಥೆಯೂ ಅವರದಿತ್ತು. ಸಲಹೆಯ ವ್ಯಾಪಾರ ಬೆಳೆಸಿಕೊಳ್ಳಲು ಸುಳ್ಳು ಹಬ್ಬಿಸುತ್ತಿದ್ದಾರೆ ಎಂಬುದೇ ಕಂಪನಿಯ ದಾವೆಯ ತಿರುಳು. ಕಂಪನಿಯ ಇನ್ನೊಂದು ಮಾತು, ಪ್ರತಿ ಗುತ್ತಿಗೆದಾರನೊಂದಿಗೆ ತಾನು ಒಬ್ಬೊಬ್ಬರಾಗಿ ಮಾತಾಡಲು ಸಿದ್ಧ ಎಂಬುದು.

ಒಬ್ಬೊಬ್ಬರಾಗಿ. ಗಂಟು ಇರುವುದೇ ಇಲ್ಲಿ. ನೌಕರನಾದರೆ ಸಂಘ ಕಟ್ಟಿ ಒಟ್ಟಾಗಿ ಚೌಕಾಸಿ ಮಾಡುವುದು ಹಕ್ಕು. ಸ್ವತಂತ್ರ ವ್ಯಾಪಾರಿಗಳು ಒಟ್ಟಾಗಿ, ಈ ದರಕ್ಕಿಂತ ಕಡಿಮೆಗೆ ಕೆಲಸ ಮಾಡುವುದಿಲ್ಲ ಎಂದರೆ ಅಮೆರಿಕದ ಕಾನೂನಿಗೆ ಅದು ಬೆಲೆ ಕೂಟದಂತೆ ಕಾಣುತ್ತದೆ. 1983ರಲ್ಲಿ ವಾಷಿಂಗ್ಟನ್ ನಗರದಲ್ಲಿ ಬಡ ಆರೋಪಿಗಳ ಪರ ವಾದಿಸುತ್ತಿದ್ದ ವಕೀಲರು ಸರ್ಕಾರ ಕೊಡುವ ಗಂಟೆಯ ಶುಲ್ಕ ಸಾಲದೆಂದು ಹೊಸ ಮೊಕದ್ದಮೆ ಹಿಡಿಯುವುದನ್ನು ನಿಲ್ಲಿಸಿದ್ದರು. 1990ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪರ್ಧಾ ಕಾನೂನಿನ ಉಲ್ಲಂಘನೆ ಎಂದಿತು. ಬಡವರ ವಕೀಲರಿಗೇ ಆ ಗತಿಯಾದರೆ ಪಾರ್ಸೆಲ್ ಗುತ್ತಿಗೆದಾರನನ್ನು ಯಾರು ಕೇಳುತ್ತಾರೆ? ಮಾಲೀಕ ಎಂಬ ಬಿರುದು ಅವನಿಗೆ ಸಾಲ, ಸಂಬಳ, ಅಪಘಾತದ ಹೊಣೆಯನ್ನೆಲ್ಲ ಕೊಟ್ಟಿತು. ಅದರ ಜೊತೆಗೇ ಒಟ್ಟಾಗಿ ದನಿ ಎತ್ತುವ ಹಕ್ಕನ್ನು ಕಿತ್ತುಕೊಂಡಿತು.

ಅಮೆಜಾನ್ ಈ ಮಾದರಿಯನ್ನು ಇನ್ನಷ್ಟು ನಯಗೊಳಿಸಿತು. 2018ರ ಜೂನ್‌ನಲ್ಲಿ ಅಮೆರಿಕದಲ್ಲಿ ಡೆಲಿವರಿ ಸರ್ವಿಸ್ ಪಾರ್ಟ್‌ನರ್ ಯೋಜನೆ ಶುರುವಾದಾಗ ಕೊಟ್ಟ ಆಹ್ವಾನ ಹೀಗಿತ್ತು: 10,000 ಡಾಲರ್ ತನ್ನಿ, 40 ವ್ಯಾನುಗಳವರೆಗಿನ ಸ್ವಂತ ಕಂಪನಿಯ ಒಡೆಯರಾಗಿ. ನೀಲಿ ವ್ಯಾನು ಬಾಡಿಗೆಗೆ ಸಿಗುತ್ತದೆ, ವಿಮೆ, ಇಂಧನದ ಏರ್ಪಾಡನ್ನು ಅಮೆಜಾನ್ ತೋರಿಸಿಕೊಡುತ್ತದೆ. ದಿನದ ರೂಟನ್ನು ಅಮೆಜಾನಿನ ತಂತ್ರಾಂಶ ಹಾಕಿಕೊಡುತ್ತದೆ. 2021ರಲ್ಲಿ ಈ ವ್ಯಾನುಗಳಿಗೆ ನೆಟ್ರಡೈನ್ ಕಂಪನಿಯ ನಾಲ್ಕು ಕಣ್ಣಿನ ಕ್ಯಾಮೆರಾ ಬಂತು. ಆಕಳಿಸಿದರೆ, ಸೀಟ್‌ಬೆಲ್ಟ್ ಬಿಟ್ಟರೆ, ಗಮನ ಬೇರೆಡೆ ಹರಿದರೆ ಅದು ಗುರುತಿಸುತ್ತದೆ. ಇದಕ್ಕೆ ಒಪ್ಪಿ ಸಹಿ ಹಾಕದ ಡ್ರೈವರನಿಗೆ ವ್ಯಾನು ಸಿಗುವಂತಿರಲಿಲ್ಲ. ಈ ನೆಟ್ರಡೈನ್‌ನ ಒಂದು ಕಾಲು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿದ್ದರೆ ಇನ್ನೊಂದು ಬೆಂಗಳೂರಿನಲ್ಲಿದೆ. ಫೆಡ್‌ಎಕ್ಸ್ ಮ್ಯಾನೇಜರ್ ವರ್ಷಕ್ಕೆ ನಾಲ್ಕು ಬಾರಿ ಪಕ್ಕದಲ್ಲಿ ಕೂತು ನೋಡಿದ್ದು ಹಿಡಿತಕ್ಕೆ ಸಾಕ್ಷಿಯಾದರೆ, ದಿನವಿಡೀ ಮುಖ ನೋಡುವ ಈ ಕ್ಯಾಮೆರಾವನ್ನು ಏನೆಂದು ಲೆಕ್ಕ ಹಾಕಬೇಕು?

ಅದಕ್ಕೆ ಒಂದು ಉತ್ತರ ಕ್ಯಾಲಿಫೋರ್ನಿಯಾದ ಪಾಮ್‌ಡೇಲ್ ಊರಿನಿಂದ ಬಂತು. ಅಲ್ಲಿ ಬ್ಯಾಟಲ್ ಟೆಸ್ಟೆಡ್ ಸ್ಟ್ರಾಟಜೀಸ್ ಎಂಬ ಗುತ್ತಿಗೆ ಕಂಪನಿಯ 84 ಡ್ರೈವರುಗಳು 2023ರ ಏಪ್ರಿಲ್‌ನಲ್ಲಿ ಟೀಮ್‌ಸ್ಟರ್ಸ್ ಸೇರಿದರು. ಗುತ್ತಿಗೆದಾರ ಅವರ ವಿರುದ್ಧ ನಿಲ್ಲಲಿಲ್ಲ. ಸಂಘವನ್ನು ಸ್ವಯಂ ಮಾನ್ಯ ಮಾಡಿದ. ಇವರು ತನ್ನ ನೌಕರರಲ್ಲ, ಗುತ್ತಿಗೆ ಶರತ್ತು ಮುರಿದದ್ದಕ್ಕೆ ಈ ಕಂಪನಿಯೊಂದಿಗಿನ ಒಪ್ಪಂದವನ್ನು ಮೊದಲೇ ಕೊನೆಗೊಳಿಸಲಾಗಿದೆ ಎಂದಿತು ಅಮೆಜಾನ್. ಜೂನ್‌ನಲ್ಲಿ ಕೆಲಸ ನಿಂತಿತು. 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಪ್ರಾದೇಶಿಕ ನಿರ್ದೇಶಕರು ತನಿಖೆ ಮುಗಿಸಿ, ಈ ಡ್ರೈವರುಗಳಿಗೆ ಅಮೆಜಾನ್ ಕೂಡ ಜಂಟಿ ಮಾಲೀಕ ಎಂಬ ನಿಲುವಿಗೆ ಬಂದರು. ಅದು ಅಂತಿಮ ತೀರ್ಪಲ್ಲ, ಮೊದಲ ಮೆಟ್ಟಿಲು. ಆದರೂ ಇಲ್ಲಿ ಗುತ್ತಿಗೆದಾರ ಮತ್ತು ಅವನ ಡ್ರೈವರುಗಳು ಎದುರುಬದುರಾಗದೆ ಒಂದೇ ಕಡೆ ನಿಂತರು ಎಂಬುದು ಗಮನಿಸಬೇಕಾದ ಸಂಗತಿ.

ಬ್ರಿಟನ್ನಿನಲ್ಲಿ ಹೊಣೆ ಜಾರಿಸುವುದು ದಂಡದ ರೂಪ ತಾಳಿತ್ತು. ಡಿಪಿಡಿ ಎಂಬ ಪಾರ್ಸೆಲ್ ಕಂಪನಿಯಲ್ಲಿ ಡ್ರೈವರ್ ರಜೆ ಹಾಕಿ ಬದಲಿ ಕೊಡದಿದ್ದರೆ ದಿನಕ್ಕೆ 150 ಪೌಂಡ್ ತೆರಬೇಕಿತ್ತು. ಸಕ್ಕರೆ ಕಾಯಿಲೆಯ ಒಬ್ಬ ಡ್ರೈವರ್ ಆಸ್ಪತ್ರೆಗೆ ಹೋದ ದಿನಕ್ಕೂ ದಂಡ ಕಟ್ಟಿದ. ಆಮೇಲೆ ಆಸ್ಪತ್ರೆಯ ಭೇಟಿಗಳನ್ನೇ ತಪ್ಪಿಸಿದ. 2018ರ ಜನವರಿಯಲ್ಲಿ ಅವನು ತೀರಿಕೊಂಡ. ಸಾರ್ವಜನಿಕ ಆಕ್ರೋಶದ ನಂತರ ಅದೇ ವರ್ಷ ಕಂಪನಿ ದಂಡವನ್ನು ತೆಗೆದುಹಾಕಿ, ಅನಾರೋಗ್ಯ ರಜೆಯ ವೇತನ ಸಿಗುವಂಥ ಒಪ್ಪಂದವನ್ನೂ ಡ್ರೈವರುಗಳ ಮುಂದಿಟ್ಟಿತು. ಕೆನ್ ಲೋಚ್ ಅವರ 2019ರ ಸಿನಿಮಾ ‘ಸಾರಿ ವಿ ಮಿಸ್ಡ್ ಯು’ ಇಂಥದೇ ವ್ಯಾನು ಡ್ರೈವರನ ಸಂಸಾರದ ಕಥೆ. ಗುತ್ತಿಗೆ ಪತ್ರವನ್ನು ಓದಿ ಅರ್ಥವಾಗದವರು ಅದನ್ನು ನೋಡಬಹುದು.

ಭಾರತದಲ್ಲಿ ಈ ಜಗಳ ಬಹುಪಾಲು ವ್ಯಾನಿನಲ್ಲಲ್ಲ, ಬೈಕಿನ ಮೇಲೆ ನಡೆಯುತ್ತಿದೆ. 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, 2029-30ಕ್ಕೆ ಅದು 2.35 ಕೋಟಿ ಆಗಬಹುದು ಎಂಬುದು ನೀತಿ ಆಯೋಗದ ಅಂದಾಜು. ರಾಜಸ್ಥಾನ 2023ರಲ್ಲಿ ಇವರಿಗಾಗಿ ಮೊದಲ ಕಾಯ್ದೆ ತಂದಿತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಅದನ್ನು ಕಾಯ್ದೆ ಮಾಡಿತು. ನೌಕರನೋ ಅಲ್ಲವೋ ಎಂಬ ಗೊಡವೆಗೆ ಈ ಕಾಯ್ದೆ ಹೋಗಿಲ್ಲ. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯೇ ಕಟ್ಟಬೇಕು, ಕೆಲಸದಿಂದ ತೆಗೆಯುವ ಮೊದಲು ಕಾರಣ ಕೊಟ್ಟು 14 ದಿನಗಳ ನೋಟಿಸ್ ನೀಡಬೇಕು, ತಂತ್ರಾಂಶ ಹೇಗೆ ಕೆಲಸ ಹಂಚುತ್ತದೆ ಎಂಬುದನ್ನು ತಿಳಿಸಬೇಕು. ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ಐಡಿ ಬ್ಲಾಕ್ ಆಗಿರುತ್ತದೆ ಎಂಬ ಭಯದಲ್ಲಿರುವವರಿಗೆ ಆ 14 ದಿನ ಸಣ್ಣದಲ್ಲ. ಪ್ಯಾಟನ್‌ಗೆ ಅಷ್ಟು ದಿನವೂ ಸಿಕ್ಕಿರಲಿಲ್ಲ.

ಆದರೆ ಕಾಯ್ದೆ ಕಣ್ಣಮುಂದಿಟ್ಟುಕೊಂಡದ್ದು ಆ್ಯಪ್ ಮೂಲಕ ನೇರವಾಗಿ ಕೆಲಸ ಪಡೆಯುವವನನ್ನು. ಊರಾಚೆಯ ಗೋದಾಮಿನಿಂದ ಹೊರಡುವ ಪಾರ್ಸೆಲ್ ಗಾಡಿಯ ಡ್ರೈವರ್ ಕೆಲಸ ಪಡೆಯುವುದು ನಡುವಿನ ಏಜೆನ್ಸಿಯಿಂದ, ಸಂಬಳ ಬರುವುದೂ ಅಲ್ಲಿಂದಲೇ. ಅವನನ್ನು ಪ್ಲಾಟ್‌ಫಾರ್ಮ್ ಕೆಲಸಗಾರ ಎನ್ನಬೇಕೋ, ಏಜೆನ್ಸಿಯ ನೌಕರ ಎನ್ನಬೇಕೋ? ಏಜೆನ್ಸಿ ನಡೆಸುವವನ ಗುತ್ತಿಗೆಯನ್ನು ಕಂಪನಿ ರಾತ್ರೋರಾತ್ರಿ ರದ್ದು ಮಾಡಿದರೆ ಅವನಿಗೆ 14 ದಿನದ ನೋಟಿಸ್ ಉಂಟೋ, ಅವನ ಕೈಕೆಳಗಿನ ಹತ್ತು ಹುಡುಗರಿಗೆ ಉಂಟೋ? ಇಂಥ ದೂರು ಈ ಕಾಯ್ದೆಯಡಿಯ ಕಲ್ಯಾಣ ಮಂಡಳಿಯ ಮೇಜಿಗೆ ಬಂದ ದಿನ ಮೊದಲು ತರಿಸಿ ನೋಡಬೇಕಾದದ್ದು ಏಜೆನ್ಸಿಯ ಸಂಬಳ ಪಟ್ಟಿಯನ್ನಲ್ಲ, ಪ್ರತಿ ಪಾರ್ಸೆಲ್ಲಿಗೆ ಎಷ್ಟು ಎಂದು ಕಂಪನಿ ಆ ಏಜೆನ್ಸಿಗೆ ಬರೆದುಕೊಟ್ಟ ದರಪಟ್ಟಿಯನ್ನು.